ಓದುಗರ ಪ್ರಶ್ನೆ: ಇಂಗ್ಲಿಷ್ ಬಾಯಲ್ಲಿ ಫ್ರೆಂಚ್ ಮಾತು

ಹೋದ ಸಂಚಿಕೆಯಲ್ಲಿ ‘ಕ್ಲಿಶೆ’ ಎಂಬ ಪದದ ಬಗ್ಗೆ ಒಂದೇ ಒಂದು ಸಾಲು ಬರೆದಿದ್ದೆ. ಫ್ರೆಂಚ್ ಅಚ್ಚುಕೂಟದವರು ಒಂದೇ ಪುಟವನ್ನು ಮತ್ತೆ ಮತ್ತೆ ಮುದ್ರಿಸಲು ಎರಕ ಹೊಯ್ದು ಇಟ್ಟುಕೊಳ್ಳುತ್ತಿದ್ದ ಲೋಹದ ತಗಡಿಗೆ ಆ ಹೆಸರಿತ್ತು, ಅಲ್ಲಿಂದ ಸವೆದ ಮಾತಿಗೂ ಅದೇ ಹೆಸರಾಯಿತು ಎಂದು. ಅದನ್ನು ಓದಿ ಇಷ್ಟೊಂದು ಜನ ಪತ್ರ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಪೂರ್ತಿ ಇಂಗ್ಲಿಷಿನೊಳಗಿನ ಫ್ರೆಂಚ್ ಮಾತುಗಳೇ.

ನಾನು ಫ್ರೆಂಚ್ ಪಾಠ ಹೇಳಿದವಳು. ಆಮೇಲೆ ಬಹಳ ಕಾಲ ಇಂಗ್ಲಿಷ್ ಹಸ್ತಪ್ರತಿ ತಿದ್ದುವ ಕೆಲಸ ಮಾಡಿದವಳು. ಹಾಗಾಗಿ ಎರಡೂ ಕಡೆಯ ಜಗಳ ನನಗೆ ಗೊತ್ತು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಇಂಗ್ಲಿಷಿಗೆ ಬಂದು ನೆಲೆಸಿದ ಫ್ರೆಂಚ್ ಮಾತು ಇಂಗ್ಲಿಷಿನದೇ. ಅದರ ಅರ್ಥ, ಉಚ್ಚಾರಣೆ ಎಲ್ಲವನ್ನೂ ಇಂಗ್ಲಿಷಿನವರ ಬಳಕೆ ನೋಡಿ ಕಲಿಯಬೇಕು. ಪ್ಯಾರಿಸ್ಸಿನವರನ್ನು ಕೇಳಿಕೊಂಡು ಇಂಗ್ಲಿಷ್ ಬರೆಯಲು ಹೋದರೆ ಎಡವಟ್ಟಾಗುತ್ತದೆ. ಪ್ಯಾರಿಸ್ಸಿಗೆ ಹೋಗಿ ಇಂಗ್ಲಿಷಿನ ಫ್ರೆಂಚ್ ಮಾತಾಡಿದರೆ ಇನ್ನೂ ದೊಡ್ಡ ಎಡವಟ್ಟು.

ಪ್ರ: ಮೇಡಂ, ‘ಬ್ಯಾಲೆ’ ಬರೆಯುವಾಗ ಕೊನೆಗೆ ಟಿ ಇದೆ, ಓದುವಾಗ ಇಲ್ಲ. ‘ಬುಲೆಟ್’ನಲ್ಲಿ ಟಿ ಓದುತ್ತೇವೆ. ಎರಡೂ ಫ್ರೆಂಚಿನಿಂದ ಬಂದಿವೆಯಂತೆ. ಇದಕ್ಕೆ ನಿಯಮ ಅಂತ ಏನಾದರೂ ಇದೆಯಾ? (ಒಬ್ಬ ಕಾಲೇಜು ವಿದ್ಯಾರ್ಥಿನಿ)

ನಿಯಮ ಇಲ್ಲ, ಸುಳಿವು ಇದೆ. ಪದ ಎಷ್ಟು ಹಿಂದೆ ಬಂದಿದ್ದು ಅನ್ನುವುದನ್ನು ನೋಡಬೇಕು.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅಲ್ಲಿಂದ ಮೂರು ಶತಮಾನ ಅರಮನೆ, ಕೋರ್ಟು, ಜಮೀನ್ದಾರರ ಮನೆ ಎಲ್ಲ ಕಡೆ ಫ್ರೆಂಚಿನದೇ ಕಾರುಬಾರು. ಆಗ ಬಂದ ಪದಗಳನ್ನು ಇಂಗ್ಲಿಷಿನವರು ಚೆನ್ನಾಗಿ ಅಗಿದು ತಮ್ಮದಾಗಿಸಿಕೊಂಡರು. ಎಷ್ಟೋ ಕಾಲ ಆದ ಮೇಲೆ, ಫ್ಯಾಷನ್ನು, ಅಡುಗೆ, ನಾಟ್ಯದ ಜೊತೆ ಬಂದ ಪದಗಳನ್ನು ಮಾತ್ರ ಫ್ರೆಂಚ್ ಉಚ್ಚಾರಣೆಯ ಸಮೇತ ಇಟ್ಟುಕೊಂಡರು.

‘ಚೀಫ್’ ಮತ್ತು ‘ಶೆಫ್’ ನೋಡಿ. ಎರಡೂ ಒಂದೇ ಫ್ರೆಂಚ್ ಪದ. ಹಳೆಯ ಫ್ರೆಂಚಿನಲ್ಲಿ ಮೊದಲಿಗಿರುವ ‘ಸಿಎಚ್’ ಅಕ್ಷರಜೋಡಿಯನ್ನು ‘ಚ’ ಎಂದೇ ಹೇಳುತ್ತಿದ್ದರು. ಆ ಕಾಲದಲ್ಲಿ ಬಂದಿದ್ದು ಚೀಫ್. ಆಮೇಲೆ ಫ್ರೆಂಚಿನವರ ಬಾಯಲ್ಲೇ ‘ಚ’ ಹೋಗಿ ‘ಶ’ ಆಯಿತು. 19ನೇ ಶತಮಾನದಲ್ಲಿ ಅದೇ ಪದ ಅಡುಗೆಮನೆಯ ಬಾಗಿಲಿನಿಂದ ಮತ್ತೊಮ್ಮೆ ಬಂತು, ಶೆಫ್ ಆಗಿ. ಚೇರ್, ಚೇಂಬರ್, ಚಾಂಪಿಯನ್ ಹಳೆಯ ಸರಕು. ಶೋಫರ್, ಶಾಂಪೇನ್, ಮಶೀನ್ ಹೊಸದು. ಹಾಗೆಯೇ ವಿಲೇಜ್, ಕರೇಜ್, ಮ್ಯಾರೇಜ್ ಹಳೆಯವು. ಮಸಾಜ್, ಕ್ಯಾಮೊಫ್ಲಾಜ್ ಈಚಿನವು, ಅದಕ್ಕೇ ಅಲ್ಲಿ ದೀರ್ಘ ‘ಆ’ ಉಳಿದಿದೆ. ‘ಗರಾಜ್’ ಬಂದು ನೂರು ವರ್ಷದ ಮೇಲಾಯಿತು ಅಷ್ಟೆ, ಬ್ರಿಟನ್ನಿನಲ್ಲಿ ಎಷ್ಟೋ ಜನ ಈಗಾಗಲೇ ಅದನ್ನು ‘ಗ್ಯಾರಿಜ್’ ಮಾಡಿದ್ದಾರೆ. ಅಗಿಯುವ ಕೆಲಸ ನಿಂತಿಲ್ಲ.

ಒಂದು ಕಡೆ ಮಾತ್ರ ಹುಷಾರು. ಫ್ರೆಂಚಿನಲ್ಲಿ ಕೊನೆಯ ವ್ಯಂಜನ ಬಾಯಿಗೆ ಬರುವುದಿಲ್ಲ ಅಂತ ಅರ್ಧ ಕಲಿತವರು ಎಲ್ಲದರ ಬಾಲ ಕತ್ತರಿಸುತ್ತಾರೆ. ‘ಕೂ ದ ಗ್ರಾಸ್’ ಅಂದರೆ ನರಳುತ್ತಿರುವವನಿಗೆ ಕರುಣೆಯಿಂದ ಕೊಡುವ ಕೊನೆಯ ಏಟು. ಅದನ್ನು ‘ಕೂ ದ ಗ್ರಾ’ ಅಂದರೆ ಫ್ರೆಂಚ್ ಕಿವಿಗೆ ‘ಕೊಬ್ಬಿನ ಏಟು’ ಅಂತ ಕೇಳುತ್ತದೆ. ಆ ‘ಸ್’ ಬಿಡಬೇಡಿ, ನಿಘಂಟುಗಳೂ ಬಿಡುವುದಿಲ್ಲ. ‘ಲಾಂಜರೇ’ ಕಥೆ ಬೇರೆ. ಫ್ರೆಂಚಿನಲ್ಲಿ ಅದು ಹೆಚ್ಚುಕಡಿಮೆ ‘ಲ್ಯಾಂಝ್ರಿ’. ಆದರೆ ಇಂಗ್ಲಿಷಿನಲ್ಲಿ ‘ಲಾಂಜರೇ’ ಎಂದೋ ಬೇರೂರಿದೆ. ಅಂಗಡಿಯಲ್ಲಿ ನಿಂತು ಶುದ್ಧ ಫ್ರೆಂಚ್ ಹೇಳಿದರೆ ‘ಏನು ಬೇಕಿತ್ತು?’ ಅಂತ ಮತ್ತೆ ಕೇಳುತ್ತಾರೆ, ಅಷ್ಟೆ.

ಪ್ರ: ಆಹ್ವಾನ ಪತ್ರಿಕೆಯಲ್ಲಿ ‘ಪ್ಲೀಸ್ ಆರ್‌ಎಸ್‌ವಿಪಿ’ ಅಂತ ಬರೆಯಬಹುದಾ?

‘ರೆಪೊಂದೆ ಸಿಲ್ ವೂ ಪ್ಲೆ’, ಅಂದರೆ ‘ದಯವಿಟ್ಟು ಉತ್ತರಿಸಿ’ ಅನ್ನುವುದರ ಮೊದಲಕ್ಷರಗಳು ಅವು. ‘ಪ್ಲೀಸ್’ ಒಳಗೇ ಇದೆ. ಆದರೂ ಇನ್ನೊಂದು ಸಲ ದಯವಿಟ್ಟು ಅಂದರೆ ಯಾರಿಗೂ ನಷ್ಟವಿಲ್ಲ. ನಾನು ತಿದ್ದಲು ಹೋಗುವುದಿಲ್ಲ. ಉತ್ತರವನ್ನೇ ಕೊಡದೆ ಊಟಕ್ಕೆ ಬಂದು ಕೂರುವವರ ಮೇಲೆ ನನ್ನ ಸಿಟ್ಟು ಜಾಸ್ತಿ.

ಪ್ರ: ಅಮೆರಿಕದಲ್ಲಿರುವ ಮಗ ‘ಆಂಟ್ರೆ’ ಅಂದರೆ ಮುಖ್ಯ ಊಟ ಅನ್ನುತ್ತಾನೆ. ಫ್ರಾನ್ಸ್ ನೋಡಿ ಬಂದ ಸೊಸೆ ಅಲ್ಲ, ಮೊದಲು ಬರುವ ಸಣ್ಣ ತಿನಿಸು ಅನ್ನುತ್ತಾಳೆ. ಯಾರು ಸರಿ?

ಇಬ್ಬರೂ ಸರಿ. ಮನೆಯಲ್ಲಿ ಶಾಂತಿ ನೆಲೆಸಲಿ.

ಪದದ ಅರ್ಥ ‘ಪ್ರವೇಶ’. ಹಿಂದಿನ ಫ್ರೆಂಚ್ ಔತಣಗಳಲ್ಲಿ ಬಗೆಬಗೆಯ ಸರದಿಗಳಿರುತ್ತಿದ್ದವು. ದೊಡ್ಡ ರೋಸ್ಟ್ ಬರುವುದಕ್ಕೆ ಮುಂಚೆ ಬಡಿಸುತ್ತಿದ್ದ ತಿನಿಸುಗಳಿಗೆ ಆಂಟ್ರೆ ಅನ್ನುತ್ತಿದ್ದರು. ಮುಂಚೆ ಅಂದಮಾತ್ರಕ್ಕೆ ಸಣ್ಣದಲ್ಲ, ಮಾಂಸದ ಗಟ್ಟಿ ತಿನಿಸೇ. ಕಾಲಕ್ರಮೇಣ ಊಟದ ಸರದಿಗಳು ಕಡಿಮೆಯಾದವು. ಅಮೆರಿಕದಲ್ಲಿ ರೋಸ್ಟಿನ ಸರದಿ ಬಿದ್ದುಹೋಗಿ ಆಂಟ್ರೆಯೇ ಮುಖ್ಯ ಊಟವಾಗಿ ಉಳಿಯಿತು. ಫ್ರಾನ್ಸಿನಲ್ಲಿ ಅದು ಮುಂದಕ್ಕೆ ಸರಿದು ಊಟದ ಆರಂಭವಾಯಿತು. ಬ್ರಿಟನ್, ಆಸ್ಟ್ರೇಲಿಯಾದ ಹೋಟೆಲುಗಳಲ್ಲೂ ಆಂಟ್ರೆ ಕಂಡರೆ ಅದು ಸಾಮಾನ್ಯವಾಗಿ ಮೊದಲ ತಿನಿಸೇ. ಮಗನಿಗೆ ಇನ್ನೊಂದೂ ಕೇಳಿ: ‘ಆ ಲಾ ಮೋಡ್’ ಅಂದರೆ ಏನು ಅಂತ. ಫ್ರೆಂಚಿನಲ್ಲಿ ‘ಈಗಿನ ಫ್ಯಾಷನ್ನಿನ’ ಎಂದರ್ಥ. ಅಮೆರಿಕದಲ್ಲಿ ‘ಮೇಲೆ ಐಸ್‌ಕ್ರೀಂ ಇಟ್ಟ’ ಅಂತ!

ಪ್ರ: ಪ್ಯಾರಿಸ್ಸಿನ ಹೋಟೆಲಿನಲ್ಲಿ ‘ಆನ್ ಸ್ವೀಟ್’ ರೂಮು ಕೇಳಿದೆ. ಕೌಂಟರಿನಲ್ಲಿದ್ದ ಹುಡುಗಿ ಮುಂದೇನು ಹೇಳುತ್ತೀರಿ ಅನ್ನುವ ಹಾಗೆ ನೋಡುತ್ತಲೇ ಇದ್ದಳು. ಇದು ಫ್ರೆಂಚ್ ಪದ ಅಲ್ವಾ?

ಆ ಹುಡುಗಿಯದೇನೂ ತಪ್ಪಿಲ್ಲ. ಫ್ರೆಂಚಿನಲ್ಲಿ ‘ಆನ್‌ಸ್ವಿಟ್’ ಅಂದರೆ ‘ಆಮೇಲೆ’. ನೀವು ‘ಒಂದು ರೂಮು, ಆಮೇಲೆ...’ ಅಂದಿರಿ. ಅವಳು ಆಮೇಲೇನು ಅಂತ ಕಾದಳು. ರೂಮಿಗೆ ಅಂಟಿಕೊಂಡ ಸ್ನಾನದಮನೆ ಅನ್ನುವ ಅರ್ಥ ಬ್ರಿಟನ್ನಿನವರು ಕೊಟ್ಟಿದ್ದು.

ಇಂಥವು ಬೇಕಾದಷ್ಟಿವೆ. ಫ್ರೆಂಚ್ ವೇಷ ಹಾಕಿಕೊಂಡ ಇಂಗ್ಲಿಷ್ ಮಾತುಗಳು. ‘ನಾಂ ದ ಪ್ಲೂಮ್’, ಅಂದರೆ ಕಾವ್ಯನಾಮ, ಇಂಗ್ಲಿಷಿನವರೇ ಹೊಸೆದಿದ್ದು. ಫ್ರೆಂಚಿನವರು ಮೊದಲಿನಿಂದ ಬಳಸಿದ್ದು ‘ನಾಂ ದ ಗೇರ್’, ಯುದ್ಧನಾಮ. ‘ಡಬಲ್ ಆಂತಾಂದ್ರ’ ಎಂಬ ದ್ವಂದ್ವಾರ್ಥದ ಮಾತು 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂತು. ಇವತ್ತಿನ ಫ್ರೆಂಚಿನಲ್ಲಿ ಅದು ಬಳಕೆಯಲ್ಲೇ ಇಲ್ಲ, ‘ದೂಬ್ಲ್ ಸಾನ್ಸ್’ ಅನ್ನುತ್ತಾರೆ. ಸಂಗೀತ ಕಚೇರಿ ಮುಗಿದಾಗ ಲಂಡನ್ನಿನ ಸಭಿಕರು ‘ಆಂಕೋರ್’ ಎಂದು ಕೂಗುತ್ತಾರೆ. ಫ್ರಾನ್ಸಿನ ಸಭಿಕರು ಕೂಗುವುದು ‘ಬಿಸ್’, ಅದು ಲ್ಯಾಟಿನ್! ಕೆಲಸಕ್ಕೆ ಅರ್ಜಿ ಹಾಕುವಾಗ ಅಮೆರಿಕದವರು ‘ರೆಸ್ಯುಮೆ’ ಕಳಿಸುತ್ತಾರೆ. ಫ್ರಾನ್ಸಿನಲ್ಲಿ ರೆಸ್ಯುಮೆ ಅಂದರೆ ಬರೀ ಸಾರಾಂಶ, ಕೆಲಸಕ್ಕೆ ಬೇಕಾಗುವುದು ‘ಸಿವಿ’. ಅದೂ ಲ್ಯಾಟಿನ್ನೇ.

ಇದರಲ್ಲೆಲ್ಲ ನನಗೆ ಇಷ್ಟವಾದದ್ದು ‘ಕಲ್ ಡಿ ಸ್ಯಾಕ್’. ಮುಂದೆ ದಾರಿ ಇಲ್ಲದ ಬೀದಿ. ಒಳ್ಳೆಯ ಬಡಾವಣೆ ಅಂದರೆ ಕಲ್ ಡಿ ಸ್ಯಾಕ್‌ನಲ್ಲಿ ಮನೆ ಇರಬೇಕು ಅನ್ನುವ ಇಂಗ್ಲಿಷಿನವರಿದ್ದಾರೆ. ಅಕ್ಷರಶಃ ಅದು ‘ಚೀಲದ ಅಂಡು’. 18ನೇ ಶತಮಾನದಲ್ಲಿ ಫ್ರೆಂಚ್ ಲೇಖಕ ವೋಲ್ಟೇರ್‌ಗೆ ಈ ಪದ ಕಂಡರೆ ಆಗುತ್ತಿರಲಿಲ್ಲ. ಬೀದಿಗೆ ಇಂಥ ಒರಟು ಹೆಸರೇಕೆ, ‘ಆಂಪಾಸ್’ ಅನ್ನೋಣ ಎಂದು ವಾದ ಮಾಡಿದ. ಫ್ರಾನ್ಸಿನ ಬೀದಿಫಲಕಗಳಲ್ಲಿ ಈಗ ಹೆಚ್ಚಾಗಿ ಕಾಣುವುದು ಅದೇ. ಇಂಗ್ಲಿಷಿನವರು ಎರಡನ್ನೂ ಬಿಡಲಿಲ್ಲ. ಚೀಲದ ಅಂಡನ್ನು ಬೀದಿಗೆ ಇಟ್ಟರು, ವೋಲ್ಟೇರನ ‘ಇಂಪಾಸ್’ ಅನ್ನು ಮಾತುಕತೆ ಮುರಿದು ಬಿದ್ದಾಗ ಬಳಸಲು ಇಟ್ಟುಕೊಂಡರು.

ಪ್ರ: ವಿಮಾನ ಅಪಾಯದಲ್ಲಿದ್ದಾಗ ಪೈಲಟ್ ‘ಮೇಡೇ’ ಅನ್ನುತ್ತಾರಲ್ಲ, ಮೇ ತಿಂಗಳ ಒಂದನೇ ತಾರೀಖಿಗೂ ಅದಕ್ಕೂ ಏನು ಸಂಬಂಧ?

ಏನೂ ಸಂಬಂಧವಿಲ್ಲ. ಅದು ಫ್ರೆಂಚ್.

1920ರ ದಶಕದ ಆರಂಭದ ಮಾತು. ಆಗ ಲಂಡನ್ನಿನ ವಿಮಾನ ನಿಲ್ದಾಣ ಇದ್ದದ್ದು ಕ್ರಾಯ್ಡನ್‌ನಲ್ಲಿ. ಅಲ್ಲಿಂದ ಹೆಚ್ಚಿನ ಹಾರಾಟ ಪ್ಯಾರಿಸ್ಸಿನ ಲ ಬೂರ್ಜೆಗೆ. ನಡುವೆ ಇಂಗ್ಲಿಷ್ ಕಾಲುವೆಯ ನೀರು, ಮೇಲೆ ಸಣ್ಣ ವಿಮಾನ, ಕಿವಿಯಲ್ಲಿ ಗರಗರ ಅನ್ನುವ ರೇಡಿಯೊ. ಹಡಗಿನವರ ‘ಎಸ್‌ಒಎಸ್’ ತಂತಿ ಸಂಕೇತಕ್ಕೆ ಹೇಳಿ ಮಾಡಿಸಿದ್ದು. ಮೂರು ಚುಕ್ಕಿ, ಮೂರು ಗೆರೆ, ಮತ್ತೆ ಮೂರು ಚುಕ್ಕಿ. ಆದರೆ ಬಾಯಲ್ಲಿ ಹೇಳಿದರೆ ಆ ‘ಎಸ್’ ರೇಡಿಯೊದಲ್ಲಿ ಸರಿಯಾಗಿ ಕೇಳುವುದಿಲ್ಲ. ‘ಎಫ್’ ಅಂತಲೂ ಕೇಳಬಹುದು. ಎರಡೂ ಕಡೆಯವರಿಗೆ ತಟ್ಟನೆ ಗೊತ್ತಾಗುವ ಒಂದು ಮಾತು ಬೇಕಿತ್ತು. ಕ್ರಾಯ್ಡನ್‌ನ ಹಿರಿಯ ರೇಡಿಯೊ ಅಧಿಕಾರಿ ಫ್ರೆಡರಿಕ್ ಮಾಕ್‌ಫರ್ಡ್ ‘ಮೇಡೇ’ ಸೂಚಿಸಿದರು. ‘ಮೆದೆ’ ಅಂದರೆ ಫ್ರೆಂಚಿನಲ್ಲಿ ‘ನನಗೆ ನೆರವು’. 1927ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ರೇಡಿಯೊ ಸಮ್ಮೇಳನ ಅದನ್ನು ಮಾತಿನ ಅಪಾಯಕರೆಯಾಗಿ ಒಪ್ಪಿತು. ಮೂರು ಸಲ ಹೇಳಬೇಕು, ‘ಮೇಡೇ ಮೇಡೇ ಮೇಡೇ’. ಬೇರೆ ಮಾತಿನ ನಡುವೆ ಬಂದ ಪದ ಅಲ್ಲ ಎಂದು ಆಗ ಗೊತ್ತಾಗುತ್ತದೆ.

ವ್ಯಾಕರಣ ಬಲ್ಲ ಫ್ರೆಂಚರು ನೀರಿಗೆ ಬಿದ್ದರೆ ಹಾಗೆ ಕೂಗುವುದಿಲ್ಲ. ‘ಏದೆ ಮುವಾ’ ಅನ್ನುತ್ತಾರೆ, ಇಲ್ಲವೇ ‘ಓ ಸೆಕೂರ್’. ಅಂದರೂ ಮೇಡೇ ಜಗತ್ತನ್ನೇ ಸುತ್ತಿತು.

ಅಪಾಯ ಅಷ್ಟು ದೊಡ್ಡದಲ್ಲ, ಆದರೆ ತುರ್ತು ಇದೆ ಅಂದಾಗ ಹೇಳುವುದು ‘ಪ್ಯಾನ್ ಪ್ಯಾನ್’. ಯಂತ್ರ ಕೆಟ್ಟು ನಿಂತದ್ದಕ್ಕೆ ಫ್ರೆಂಚಿನಲ್ಲಿ ‘ಪಾನ್’ ಅನ್ನುತ್ತಾರೆ. ಹಡಗಿನ ರೇಡಿಯೊದಲ್ಲಿ ಇನ್ನೂ ಒಂದಿದೆ. ಒಬ್ಬರು ಅಪಾಯಕರೆ ಕೊಟ್ಟಾಗ ಉಳಿದವರು ಆ ಚಾನೆಲ್ಲಿನಲ್ಲಿ ಸುಮ್ಮನಿರಬೇಕು. ಆಗ ನೆರವು ನಡೆಸುವವರು ‘ಸೀಲಾನ್ಸ್ ಮೇಡೇ’ ಎಂದು ಹೇಳುತ್ತಾರೆ. ಎಲ್ಲ ಮುಗಿದ ಮೇಲೆ ‘ಸೀಲಾನ್ಸ್ ಫೀನೀ’. ಇಂಗ್ಲಿಷಿನ ‘ಸೈಲೆನ್ಸ್’ ಅಲ್ಲ, ಬೇಕೆಂದೇ ಫ್ರೆಂಚ್ ದನಿ.

ಪ್ರ: ಇಂಗ್ಲಿಷಿನಲ್ಲಿ ವಿಶೇಷಣ ಮೊದಲು, ನಾಮಪದ ಆಮೇಲೆ ಎಂದು ಕಲಿತೆವು. ಹಾಗಾದರೆ ‘ಅಟಾರ್ನಿ ಜನರಲ್’ ಯಾಕೆ ತಿರುಗುಮುರುಗು? ಇಬ್ಬರಿದ್ದರೆ ‘ಜನರಲ್ಸ್’ ಅನ್ನಬೇಕಾ? (ಒಬ್ಬ ಕಿರಿಯ ವಕೀಲರು)

ವಕೀಲರೇ, ನಿಮ್ಮ ಕಸುಬಿನ ಇಂಗ್ಲಿಷ್ ಅರ್ಧ ಫ್ರೆಂಚ್. ಫ್ರೆಂಚಿನಲ್ಲಿ ವಿಶೇಷಣ ಸಾಮಾನ್ಯವಾಗಿ ಹಿಂದೆ ಬರುತ್ತದೆ. ಅಟಾರ್ನಿ ಜನರಲ್, ಕೋರ್ಟ್ ಮಾರ್ಷಲ್, ನೋಟರಿ ಪಬ್ಲಿಕ್ ಎಲ್ಲ ಆ ಸಾಲಿನವು. ‘ಜನರಲ್’ ಇಲ್ಲಿ ಸೇನಾಧಿಪತಿ ಅಲ್ಲ, ವಿಶೇಷಣ. ಆದ್ದರಿಂದ ಬಹುವಚನ ‘ಅಟಾರ್ನೀಸ್ ಜನರಲ್’. ದಂಗೆ ಎರಡಾದರೆ ‘ಕೂ ದೆತಾ’ದಲ್ಲೂ ಎಸ್ ಸೇರುವುದು ಮೊದಲ ಪದಕ್ಕೇ.

ಈ ಕೋರ್ಟ್ ಫ್ರೆಂಚಿನ ಕಥೆ ಬಹಳ ಮಜವಾಗಿದೆ. 1362ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕಾನೂನು ಬಂತು. ಜನರಿಗೆ ಫ್ರೆಂಚ್ ಅರ್ಥವಾಗುವುದಿಲ್ಲ, ಇನ್ನು ಮೇಲೆ ಕೋರ್ಟಿನಲ್ಲಿ ಇಂಗ್ಲಿಷಿನಲ್ಲೇ ವಾದ ಮಾಡಬೇಕು ಅಂತ. ಆ ಕಾನೂನನ್ನು ಬರೆದಿದ್ದು ಫ್ರೆಂಚಿನಲ್ಲಿ! ಅದಾದ ಮೇಲೂ ವಕೀಲರು ಟಿಪ್ಪಣಿ ಬರೆದುಕೊಳ್ಳುವುದಕ್ಕೆ ಫ್ರೆಂಚನ್ನು ಬಿಡಲಿಲ್ಲ. ಬಿಡಲಿಲ್ಲ ಅಂದರೆ, ಬರುತ್ತಿತ್ತು ಅಂತ ಅಲ್ಲ. ತಲೆಮಾರು ಕಳೆದಂತೆ ಅದು ಮೂರೂ ಬಿಟ್ಟ ಭಾಷೆಯಾಯಿತು.

1631ರಲ್ಲಿ ಸಾಲ್ಸ್‌ಬರಿಯಲ್ಲಿ ಶಿಕ್ಷೆಯಾದ ಕೈದಿಯೊಬ್ಬ ಮುಖ್ಯ ನ್ಯಾಯಾಧೀಶ ರಿಚರ್ಡ್‌ಸನ್‌ರ ಮೇಲೆ ಇಟ್ಟಿಗೆ ಚೂರು ಎಸೆದ. ಅದನ್ನು ಬರೆದಿಟ್ಟವರ ಸಾಲು ಹೀಗಿದೆ: ‘ಜೆಕ್ಟ್ ಅನ್ ಬ್ರಿಕ್‌ಬ್ಯಾಟ್ ಆ ಲ ದಿ ಜಸ್ಟಿಸ್, ಕ ನ್ಯಾರೋಲಿ ಮಿಸ್ಟ್’. ಇಟ್ಟಿಗೆ ಇಂಗ್ಲಿಷ್, ಎಸೆದಿದ್ದು ಫ್ರೆಂಚ್, ತಪ್ಪಿದ್ದು ಮತ್ತೆ ಇಂಗ್ಲಿಷ್. ಮೊದಲ ಸಲ ಓದಿದಾಗ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆ. ಮುಂದಿನ ಸಾಲು ಓದಿದರೆ ನಗು ನಿಲ್ಲುತ್ತದೆ. ಆ ಕೈದಿಯ ಬಲಗೈ ಕಡಿದು ಗಲ್ಲುಮರಕ್ಕೆ ಹೊಡೆದು, ಕೋರ್ಟಿನ ಎದುರೇ ಅವನನ್ನು ನೇಣು ಹಾಕಿದರು ಎಂದು ಅದೇ ಕಲಸುಮೇಲೋಗರದಲ್ಲಿ ಬರೆದಿದೆ.

ಸಂಸತ್ತಿನಲ್ಲಿ ಇವತ್ತಿಗೂ ಫ್ರೆಂಚ್ ಹೋಗಿಲ್ಲ. ಬ್ರಿಟನ್ನಿನಲ್ಲಿ ಮಸೂದೆಗೆ ರಾಜನ ಒಪ್ಪಿಗೆಯನ್ನು ವಿಧ್ಯುಕ್ತವಾಗಿ ಸಾರುವಾಗ ಗುಮಾಸ್ತರು ‘ಲ ರ್ವಾ ಲ ವೂ’ ಅನ್ನುತ್ತಾರೆ. ‘ರಾಜನ ಇಚ್ಛೆ’ ಎಂದರ್ಥ. ಎರಡನೇ ಎಲಿಜಬೆತ್ ಕಾಲದಲ್ಲಿ ‘ಲಾ ರೇನ್ ಲ ವೂ’ ಇತ್ತು, ರಾಣಿಯ ಇಚ್ಛೆ. ಒಪ್ಪಿಗೆ ಇಲ್ಲ ಅನ್ನಬೇಕಾದರೆ ‘ರಾಜ ಯೋಚಿಸುತ್ತಾನೆ’ ಎಂಬ ನಯವಾದ ಫ್ರೆಂಚ್ ಮಾತಿದೆ. ಅದನ್ನು ಕೊನೆಯ ಸಲ ಬಳಸಿದ್ದು 1708ರಲ್ಲಿ, ರಾಣಿ ಆನ್ ಕಾಲದಲ್ಲಿ, ಸ್ಕಾಟ್ಲೆಂಡಿನ ಮಿಲಿಷಿಯಾ ಮಸೂದೆಗೆ.

ಪ್ರ: ಟಿವಿಯಲ್ಲಿ ತಂಡ ಎರಡನೇ ಸಲ ಸೋತರೆ ‘ದೇಜಾ ವೂ’ ಅನ್ನುತ್ತಾರೆ. ಸರಿಯಾ?

ಬಿಗಿಯಾಗಿ ನೋಡಿದರೆ ತಪ್ಪು. 1876ರಲ್ಲಿ ಎಮಿಲ್ ಬ್ವಾರಾಕ್ ಎಂಬ ಫ್ರೆಂಚ್ ತತ್ತ್ವಶಾಸ್ತ್ರಜ್ಞ ಒಂದು ಪತ್ರಿಕೆಗೆ ಬರೆದ ಪತ್ರದಿಂದ ಈ ಮಾತು ಹರಡಿತು. ಎಂದೂ ಕಾಣದ ಜಾಗವನ್ನು ನೋಡಿದಾಗ ಇದನ್ನು ಮೊದಲೇ ನೋಡಿದ್ದೇನಲ್ಲ ಅನ್ನಿಸುವುದು ದೇಜಾ ವೂ. ನಿಜವಾಗಿಯೂ ಎರಡನೇ ಸಲ ಸೋತರೆ ಅದು ಬರೀ ಸೋಲು. ಆಟದ ಸುದ್ದಿಯ ತಲೆಬರಹದಲ್ಲಿ ಬಂದರೆ ನಾನು ಬಿಟ್ಟುಬಿಡುತ್ತಿದ್ದೆ, ಮನಶ್ಶಾಸ್ತ್ರದ ಲೇಖನದಲ್ಲಿ ಬಂದರೆ ಬಿಡುತ್ತಿರಲಿಲ್ಲ. ಅದರ ಉಲ್ಟಾ ಕೂಡ ಇದೆ, ‘ಜಾಮೆ ವೂ’. ದಿನಾ ನೋಡುವ ವಸ್ತುವೇ ಒಂದು ಕ್ಷಣ ಅಪರಿಚಿತ ಅನ್ನಿಸುವುದು.

ಪ್ರ: ಇಂಗ್ಲಿಷ್ ಪತ್ರಿಕೆಯಲ್ಲಿ ಒಬ್ಬ ಮಂತ್ರಿಯನ್ನು ‘ಪೂರ್ ಆಂಕುರಾಜೆ ಲೇ ಜೋತ್ರ್’ ತೆಗೆದುಹಾಕಿದರು ಎಂದಿತ್ತು. ‘ಇತರರಿಗೆ ಉತ್ತೇಜನ ಕೊಡಲು’ ಅಂತ ಅರ್ಥ ಸಿಕ್ಕಿತು. ಮಂತ್ರಿಯನ್ನು ತೆಗೆದರೆ ಇತರರಿಗೆ ಎಂಥ ಉತ್ತೇಜನ?

ನಿಮಗೆ ಸಿಕ್ಕ ಅರ್ಥ ಸರಿ, ಸಿಗಬೇಕಾದದ್ದು ವ್ಯಂಗ್ಯ. ಇದರ ಹಿಂದೆ ಒಬ್ಬ ಮನುಷ್ಯನ ಸಾವಿದೆ.

1756ರಲ್ಲಿ ಮಿನೋರ್ಕಾ ದ್ವೀಪದಲ್ಲಿ ಬ್ರಿಟಿಷ್ ಕೋಟೆಯನ್ನು ಫ್ರೆಂಚರು ಮುತ್ತಿದ್ದರು. ಅದನ್ನು ಬಿಡಿಸಲು ಅಡ್ಮಿರಲ್ ಜಾನ್ ಬಿಂಗ್‌ರನ್ನು ಕಳಿಸಿದರು. ಕಡಲಿನಲ್ಲಿ ಒಂದು ಕದನ ಆಯಿತು, ಯಾರೂ ಸ್ಪಷ್ಟವಾಗಿ ಗೆಲ್ಲಲಿಲ್ಲ. ಬಿಂಗ್ ಹಡಗುಗಳನ್ನು ಜಿಬ್ರಾಲ್ಟರಿಗೆ ಹಿಂತಿರುಗಿಸಿದರು. ಕೋಟೆ ಕೈಬಿಟ್ಟಿತು. ಲಂಡನ್ನಿನಲ್ಲಿ ಜನ ಕುದಿಯುತ್ತಿದ್ದರು, ಸರ್ಕಾರಕ್ಕೆ ಒಂದು ತಲೆ ಬೇಕಿತ್ತು. ಸೇನಾ ನ್ಯಾಯಾಲಯ ‘ಈತ ಹೇಡಿಯಲ್ಲ, ಆದರೆ ಕೈಲಾದಷ್ಟನ್ನೂ ಮಾಡಲಿಲ್ಲ’ ಎಂದಿತು. ಆ ತಪ್ಪಿಗೆ ಇದ್ದದ್ದು ಒಂದೇ ಶಿಕ್ಷೆ, ಮರಣ. ತೀರ್ಪು ಕೊಟ್ಟವರೇ ಕ್ಷಮೆಗೆ ಶಿಫಾರಸು ಮಾಡಿದರು. ರಾಜ ಎರಡನೇ ಜಾರ್ಜ್ ಒಪ್ಪಲಿಲ್ಲ. 1757ರ ಮಾರ್ಚ್ 14ರಂದು ಪೋರ್ಟ್ಸ್‌ಮತ್ ಬಂದರಿನಲ್ಲಿ ‘ಮೊನಾರ್ಕ್’ ಹಡಗಿನ ಮೇಲೆ ಅವರನ್ನು ಗುಂಡಿಟ್ಟು ಕೊಂದರು.

ಎರಡು ವರ್ಷದ ಮೇಲೆ ವೋಲ್ಟೇರ್ ‘ಕಾಂದೀದ್’ ಬರೆದ. ಅದರ ನಾಯಕ ಪೋರ್ಟ್ಸ್‌ಮತ್‌ಗೆ ಬಂದು ಇಂಥದೇ ಒಂದು ಕೊಲೆ ನೋಡಿ ಬೆಚ್ಚಿ ಯಾಕೆ ಎಂದು ಕೇಳುತ್ತಾನೆ. ಈ ದೇಶದಲ್ಲಿ ಆಗಾಗ ಒಬ್ಬ ಅಡ್ಮಿರಲ್‌ನನ್ನು ಕೊಲ್ಲುವುದು ಒಳ್ಳೆಯದು, ಇತರರಿಗೆ ಉತ್ತೇಜನ ಸಿಗಲಿ ಎಂದು, ಅಂತ ಉತ್ತರ ಬರುತ್ತದೆ. ಚುಚ್ಚಿದ್ದು ಇಂಗ್ಲಿಷಿನವರನ್ನೇ. ಅವರು ಆ ಚುಚ್ಚುಮಾತನ್ನೇ ಎತ್ತಿಕೊಂಡು, ಅನುವಾದವನ್ನೂ ಮಾಡದೆ ಇವತ್ತಿಗೂ ಬಳಸುತ್ತಾರೆ. ಇದನ್ನು ಯಾರಿಗಾದರೂ ಬಹುಮಾನ ಕೊಟ್ಟ ಸುದ್ದಿಯಲ್ಲಿ ಮಾತ್ರ ಬಳಸಬೇಡಿ.

ಪ್ರ: ಜಗಳದಲ್ಲಿ ಹೇಳಬೇಕಾದ ಒಳ್ಳೆಯ ಉತ್ತರ ನನಗೆ ಯಾವಾಗಲೂ ಮನೆಗೆ ಬಂದ ಮೇಲೆ ಹೊಳೆಯುತ್ತದೆ. ಇದಕ್ಕೊಂದು ಫ್ರೆಂಚ್ ಮಾತಿದೆ ಅಂತ ಕೇಳಿದ್ದೆ.

ಇದೆ, ‘ಲೆಸ್ಪ್ರಿ ದ ಲೆಸ್ಕಾಲಿಯೆ’. ಮೆಟ್ಟಿಲ ಮೇಲಿನ ಬುದ್ಧಿ. ದಿದೆರೋ ದೊಡ್ಡ ವಿಶ್ವಕೋಶವನ್ನೇ ಸಂಪಾದಿಸಿದವ. ಒಮ್ಮೆ ನೆಕೆರ್ ಎಂಬ ದೊಡ್ಡ ಮನುಷ್ಯರ ಮನೆಯ ಊಟದಲ್ಲಿ ಯಾರೋ ಅಂದ ಮಾತಿಗೆ ಉತ್ತರ ತೋಚದೆ ಬಾಯಿ ಕಟ್ಟಿಹೋಯಿತಂತೆ. ನನ್ನಂಥ ಸೂಕ್ಷ್ಮದವನಿಗೆ ಮೆಟ್ಟಿಲಿಳಿದು ಕೆಳಗೆ ಬಂದ ಮೇಲೇ ತಲೆ ಓಡುವುದು ಎಂದು ಅವನು ಬರೆದ. ಆಗಿನ ದೊಡ್ಡ ಮನೆಗಳಲ್ಲಿ ಅತಿಥಿಗಳನ್ನು ಮಾತಾಡಿಸುವ ಕೋಣೆ ಮಹಡಿಯ ಮೇಲೆ ಇರುತ್ತಿತ್ತು. ಮೆಟ್ಟಿಲಿಳಿದರು ಅಂದರೆ ಅವಕಾಶ ಮುಗಿಯಿತು. ವಿಶ್ವಕೋಶ ಬರೆದವನದೇ ಈ ಪಾಡಾದರೆ ನೀವು ತಲೆ ಕೆಡಿಸಿಕೊಳ್ಳಬೇಡಿ.

ಪ್ರ: ನಮ್ಮ ಮ್ಯಾನೇಜರ್ ಪ್ರತಿ ಇಮೇಲಿನಲ್ಲೂ ‘ವೀಜಾವೀ’, ‘ರೇಜೋನ್ ದೆತ್ರ್’, ‘ಪರ್ ಸೇ’ ಹಾಕುತ್ತಾರೆ. ನಾನೂ ಕಲಿಯಬೇಕಾ?

‘ಪರ್ ಸೇ’ ಲ್ಯಾಟಿನ್, ಅದನ್ನು ಈ ಲೆಕ್ಕದಿಂದ ತೆಗೆಯಿರಿ.

ನಾನು ತಿದ್ದುತ್ತಿದ್ದ ಕಾಲದಲ್ಲೂ ಒಬ್ಬ ಹಿರಿಯರಿದ್ದರು. ಅವರ ವರದಿಗಳಲ್ಲಿ ಎಲ್ಲದಕ್ಕೂ ಒಂದು ರೇಜೋನ್ ದೆತ್ರ್ ಇರುತ್ತಿತ್ತು. ಇಲಾಖೆಗೂ, ಸಮಿತಿಗೂ, ಒಮ್ಮೆ ಒಂದು ಬೀರುವಿಗೂ! ಅದರ ಅರ್ಥ ‘ಇರುವುದಕ್ಕೇ ಕಾರಣ’. ಬೀರುವಿಗೆ ಅಷ್ಟೊಂದು ಭಾರ ಹೊರಿಸಬಾರದು. ‘ಉದ್ದೇಶ’ ಅಂತ ತಿದ್ದಿ ಕಳಿಸುತ್ತಿದ್ದೆ. ಅವರು ಮತ್ತೆ ಹಾಕುತ್ತಿದ್ದರು.

ನಾನು ಮಾಡುವ ಪರೀಕ್ಷೆ ಇಷ್ಟೆ. ಫ್ರೆಂಚ್ ಮಾತನ್ನು ತೆಗೆದು ಸಾದಾ ಇಂಗ್ಲಿಷ್ ಹಾಕಿ ನೋಡಿ. ಏನೂ ಕಳೆದುಹೋಗದಿದ್ದರೆ ಸಾದಾ ಮಾತೇ ಇರಲಿ. ಕಳೆದುಹೋದರೆ ಫ್ರೆಂಚನ್ನು ಧಾರಾಳವಾಗಿ ಬಳಸಿ. ‘ಫೆ ತಾಕೊಂಪ್ಲಿ’ಯನ್ನು ನಾನು ಬಿಟ್ಟುಕೊಡುವುದಿಲ್ಲ. ಕೇಳದೆ ಮಾಡಿ ಮುಗಿಸಿ, ಈಗ ಏನು ಮಾಡೋಕಾಗತ್ತೆ ಅನ್ನುವ ಸ್ಥಿತಿ ಅದು. ಅಷ್ಟನ್ನೂ ಒಂದೇ ಏಟಿಗೆ ಹೇಳುವ ಇಂಗ್ಲಿಷ್ ಪದ ಇಲ್ಲ. ‘ಫೋರ್ಸ್ ಮಜೂರ್’ ಕರಾರಿನಲ್ಲಿ ಬಂದರೆ ಅಲಂಕಾರ ಅಂತ ಅಳಿಸಬೇಡಿ. ಪ್ರವಾಹ, ಯುದ್ಧ ಮುಂತಾದ ಕೈಮೀರಿದ ಸಂಗತಿಯಿಂದ ಮಾತು ಉಳಿಸಿಕೊಳ್ಳಲಾಗದಿದ್ದರೆ ಹೊಣೆ ಯಾರದು ಅನ್ನುವ ಷರತ್ತು ಅದು. ಫ್ರಾನ್ಸಿನಲ್ಲಿ 1804ರ ನಾಗರಿಕ ಸಂಹಿತೆಯಿಂದಲೇ ಅದು ಕಾನೂನು. ಇಂಗ್ಲಿಷ್ ಕಾನೂನಿನಲ್ಲಿ ಆ ಹೆಸರಿನ ಸಾಮಾನ್ಯ ನಿಯಮ ಇಲ್ಲ, ಕರಾರಿನಲ್ಲಿ ಬರೆದಿದ್ದರೆ ಮಾತ್ರ ಉಂಟು.

ವೀಜಾವೀ ಬಗ್ಗೆ ಒಂದು ಮಾತು. ಮೂಲದಲ್ಲಿ ಅದು ‘ಮುಖಾಮುಖಿ’. 18ನೇ ಶತಮಾನದಲ್ಲಿ ಇಬ್ಬರು ಎದುರುಬದುರು ಕೂರುವ ಕುದುರೆಗಾಡಿಗೂ ಅದೇ ಹೆಸರಿತ್ತು. ಈಗ ಇಂಗ್ಲಿಷಿನಲ್ಲಿ ‘ಅದಕ್ಕೆ ಹೋಲಿಸಿದರೆ’, ‘ಅದರ ವಿಷಯದಲ್ಲಿ’ ಎಂದರ್ಥ. ‘ಮೂಲಕ’ ಅಂತ ಖಂಡಿತ ಅಲ್ಲ. ನಿಮ್ಮ ಮ್ಯಾನೇಜರ್ ‘ಇಮೇಲ್ ವೀಜಾವೀ ಕಳಿಸಿ’ ಅಂತ ಬರೆದ ದಿನ ನನಗೆ ತಿಳಿಸಿ.

ಪ್ರ: ಇಂಗ್ಲಿಷಿನವರು ಇಷ್ಟೊಂದು ಕೆಡಿಸಿದ್ದಕ್ಕೆ ಫ್ರೆಂಚರಿಗೆ ಬೇಜಾರಿಲ್ಲವಾ?

ಅವರ ಬೇಜಾರು ಬೇರೆ ಕಡೆಗಿದೆ, ಇಂಗ್ಲಿಷ್ ತಮ್ಮೊಳಗೆ ನುಗ್ಗುತ್ತಿದೆ ಅಂತ. ಭಾಷೆ ಕಾಯಲು 1635ರಿಂದ ಅಕಾದೆಮಿ ಫ್ರಾನ್ಸೇಜ್ ಇದೆ. 1994ರಲ್ಲಿ ಜಾಹೀರಾತು, ಕರಾರು, ಸರ್ಕಾರಿ ಬರಹಗಳಲ್ಲಿ ಫ್ರೆಂಚ್ ಇರಲೇಬೇಕು ಎಂದು ತೂಬೋನ್ ಕಾನೂನು ತಂದರು. ಕೆಲವು ಸಲ ಗೆದ್ದಿದ್ದಾರೆ. ಸಾಫ್ಟ್‌ವೇರ್‌ಗೆ ‘ಲೊಜಿಸಿಯೆಲ್’ ಎಂಬ ಹೊಸ ಪದ ಕೊಟ್ಟರು, ಜನ ಒಪ್ಪಿದರು. ಆದರೆ ಬೀದಿಯಲ್ಲಿ ಏನು ನಡೆಯುತ್ತದೆ ನೋಡಿ. ಕಾರು ನಿಲ್ಲಿಸುವ ಜಾಗಕ್ಕೆ ‘ಪಾರ್ಕಿಂಗ್’, ಗಂಡಸರ ಔತಣದ ಕೋಟಿಗೆ ‘ಸ್ಮೋಕಿಂಗ್’, ಡ್ರೈಕ್ಲೀನಿಂಗ್ ಅಂಗಡಿಗೆ ‘ಪ್ರೆಸ್ಸಿಂಗ್’. ಲಂಡನ್ನಿನಲ್ಲಿ ಹೋಗಿ ‘ನನ್ನ ಸ್ಮೋಕಿಂಗನ್ನು ಪ್ರೆಸ್ಸಿಂಗಿಗೆ ಕೊಡಬೇಕು’ ಅನ್ನಿ ನೋಡೋಣ. ಆನ್ ಸ್ವೀಟ್ ಬಾಕಿ ತೀರಿತು.

ಕೆಲವು ಪದಗಳು ಹೋಗಿ ಬೇರೆ ವೇಷದಲ್ಲಿ ವಾಪಸು ಬಂದಿವೆ. ಹಳೆಯ ಫ್ರೆಂಚಿನ ‘ಬೂಜೆತ್’ ಅಂದರೆ ಸಣ್ಣ ಚರ್ಮದ ಚೀಲ. ಇಂಗ್ಲೆಂಡಿಗೆ ಹೋಗಿ ಹಣಕಾಸಿನ ‘ಬಜೆಟ್’ ಆಯಿತು. ಆಮೇಲೆ ಫ್ರೆಂಚರೇ ಅದನ್ನು ‘ಬ್ಯುಜೆ’ ಎಂದು ಮರಳಿ ತಂದುಕೊಂಡರು.

ಪ್ರ: ‘ಫಿಯಾನ್ಸೆ’ಗೆ ಕೊನೆಯಲ್ಲಿ ಒಂದು ಇ ಹಾಕಬೇಕೋ ಎರಡೋ? ‘ನೇ’ ಎಲ್ಲಿ ಹಾಕಬೇಕು?

ಹುಡುಗನಾದರೆ ಒಂದು, ಹುಡುಗಿಯಾದರೆ ಎರಡು. ಓದುವಾಗ ವ್ಯತ್ಯಾಸ ಇಲ್ಲ. ‘ನೇ’ ಅಂದರೆ ‘ಹುಟ್ಟಿದ’. ಮದುವೆಗೆ ಮುಂಚಿನ ಮನೆತನದ ಹೆಸರಿಗೆ ಮೊದಲು ಬರುತ್ತದೆ: ಮರಿ ಕ್ಯೂರಿ, ನೇ ಸ್ಕ್ಲೊಡೊವ್ಸ್ಕಾ. ಅಲ್ಲೂ ಹೆಣ್ಣಿಗೆ ಎರಡು ಇ, ಗಂಡಿಗೆ ಒಂದು. ‘ನೇ’ ಆದ ಮೇಲೆ ಮೊದಲ ಹೆಸರನ್ನು ಮತ್ತೆ ಬರೆಯುವ ಅಗತ್ಯವಿಲ್ಲ, ಮನೆತನದ ಹೆಸರಷ್ಟೇ ಸಾಕು.